ಒಣ ಕಂಬದ ಸದ್ದು

ಮೇಲಿನ ಕೋಣೆಯಿಂದ ಧಪ್ ಎಂದು ಸದ್ದಾದಾಗ ಇಂದುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಅಂಗೈ ಹಿಟ್ಟಿನ ಮೇಲೆಯೇ ನಿಂತಿತು. ಇನ್ನೊಂದು ಸಲ ಧಪ್. ಛತ್ತಿನ ಸುಣ್ಣದ ಚಕ್ಕೆಯೊಂದು ಉದುರಿ ಪರಾತದೊಳಗೆ ಬಿತ್ತು.

"ಕರೆವ್ವಾ, ಮ್ಯಾಲ ಯಾರದಾರ?"

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕರೆವ್ವ ತಲೆ ಎತ್ತಲಿಲ್ಲ. "ಯಾರಿಲ್ರಿ ಅಕ್ಕಾರ. ಬೆಕ್ಕಿರಬೇಕು."

"ಬೆಕ್ಕು ಹಿಂಗ ಬೀಳತೈತೇನು? ಎಮ್ಮಿ ಬಿದ್ದಂಗ ಬಿತ್ತು."

ಅವತ್ತು ಮುನಿ ಮಹಾರಾಜರು ಮೌನ ಹಿಡಿದಿದ್ದರಿಂದ ಕೊಣ್ಣೂರಿನ ಬಸದಿಯಲ್ಲಿ ಪ್ರವಚನ ಇರಲಿಲ್ಲ. ಇಲ್ಲದಿದ್ದರೆ ಚಾತುರ್ಮಾಸದ ದಿನಗಳಲ್ಲಿ ಮೂರು ಗಂಟೆಯಿಂದ ಐದರವರೆಗೆ ಇಂದುಬಾಯಿ ಮನೆಯಲ್ಲಿ ಇರುವವಳೇ ಅಲ್ಲ. ಬೇಗ ಬಂದವಳು, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಆಗಬೇಕೆಂದು ರೊಟ್ಟಿಗೆ ಕೂತಿದ್ದಳು. ಸದ್ದು ಕೇಳಿ ಅವಳಿಗೆ ಮೊದಲು ಹೊಳೆದದ್ದು ಛತ್ತು. ಬೇಸಿಗೆಯಲ್ಲಿ ಅವಳೂ ಗಂಡ ಬಾಬಾಸಾಹೇಬರೂ ಯಾತ್ರೆಗೆ ಹೋಗಿ ಬರುವಷ್ಟರಲ್ಲಿ ಮಗ ಸನ್ಮತಿ ಮೇಲಿನ ಕೋಣೆಯ ನಡುವೆ ನೆಲದಿಂದ ಛತ್ತಿನವರೆಗೆ ಒಂದು ಸ್ಟೀಲ್ ಪೈಪು ನಿಲ್ಲಿಸಿದ್ದ. ಅವನದು ಬೋರವೆಲ್ ಪೈಪು, ಪಂಪುಗಳ ಅಂಗಡಿ. "ಛತ್ತು ಸೀಳು ಬಿಟ್ಟೈತಿ ಅವ್ವಾ, ಆಧಾರಕ್ಕ ಇರಲಿ" ಅಂದಿದ್ದ. ಆವತ್ತಿನಿಂದ ಇಂದುಬಾಯಿ ಆ ಕೋಣೆಯಲ್ಲಿ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿದಳು. ಬಾಗಿಲು ಮುಂದೆ ಮಾಡಿತ್ತು. ತಳ್ಳಿದಳು.

ಸೊಸೆ ಶುಭಾಂಗಿ ಪೈಪಿಗೆ ತಲೆಕೆಳಗಾಗಿ ತೂಗುತ್ತಿದ್ದಳು. ಎರಡೂ ತೊಡೆ ಪೈಪನ್ನು ಕತ್ತರಿಯ ಹಾಗೆ ಹಿಡಿದಿದ್ದವು. ಕೈ ಎರಡೂ ಬಿಟ್ಟಿದ್ದಳು. ಜಡೆ ಕೆಳಗಿನ ಗಾದಿಯನ್ನು ಮುಟ್ಟುತ್ತಿತ್ತು. ಮೈಮೇಲೆ ಗಂಡನ ಹಳೆಯ ಬನಿಯನ್ನು, ಅರ್ಧ ತೊಡೆಗೂ ಬಾರದ ಚಡ್ಡಿ. ಮೂಲೆಯ ಕಂಪ್ಯೂಟರಿನಲ್ಲಿ ಬಿಳಿಯ ಹೆಂಗಸೊಬ್ಬಳು ಅದೇ ತರಹ ತೂಗುತ್ತಿದ್ದಳು.

ಇಂದುಬಾಯಿ ಕಿರುಚಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತಳು. ಹಂಚಿನ ಮೇಲಿನ ರೊಟ್ಟಿ ಸುಟ್ಟ ವಾಸನೆ ಮೇಲಿನವರೆಗೂ ಬಂತು.

*

ಆ ಸಂಜೆಯ ಊಟಕ್ಕೆ ನಾಲ್ವರೂ ಅಡಿಗೆಮನೆಯಲ್ಲಿ ಕೂತಿದ್ದರು. ಹೆಸರುಕಾಳಿನ ಪಲ್ಯ, ರೊಟ್ಟಿ, ಮಜ್ಜಿಗೆ. ಯಾರೂ ಮೊದಲ ತುತ್ತು ಮುರಿಯಲಿಲ್ಲ.

"ಛತ್ತಿಗೆ ಆಧಾರ ಅಂದಿ" ಎಂದಳು ಇಂದುಬಾಯಿ ಮಗನಿಗೆ. "ದೇವರ ದರ್ಶನಾ ಮಾಡಿ ಬಂದ ತಾಯಿಗೆ ಸುಳ್ಳ ಹೇಳಿದಿ."

"ಅದು ವ್ಯಾಯಾಮ ಅವ್ವಾ. ಇಕಿ ತಂಗಿ ಬಾಣಂತನಕ್ಕಂತ ಪುಣೇಕ್ಕ ಹೋಗಿ ಎರಡು ತಿಂಗಳ ಇದ್ಲಲ್ಲ, ಅಲ್ಲಿ ಕ್ಲಾಸಿಗೆ ಹೋಗಿ ಕಲ್ತಾಳ. ಅಲ್ಲೆ ದೊಡ್ಡ ದೊಡ್ಡ ಮನೆತನದ ಹೆಣ್ಮಕ್ಕಳು ಮಾಡ್ತಾರ."

"ಹೆಸರೇನು ಅದರದು?"

ಸನ್ಮತಿ ಹೆಂಡತಿಯ ಮುಖ ನೋಡಿದ. ಅವಳೇ ಹೇಳಿದಳು. "ಪೋಲ್ ಡಾನ್ಸ್ ಅಂತಾರ್ರಿ."

"ಡಾನ್ಸ! ಮುಂಬೈದಾಗ ಬಾರಿನ್ಯಾಗ ಕುಣಿಯೋರನ್ನ ಪೊಲೀಸರು ಗಾಡಿ ತುಂಬ್ಕೊಂಡು ಹೋಗೂದು ಟೀವ್ಯಾಗ ತೋರಿಸಿದ್ರಲ್ಲ, ಅದ?"

"ಅದಲ್ರಿ ಅತ್ತಿ. ಅದು ಬ್ಯಾರೆ."

"ಚಡ್ಡಿ ಅಂತೂ ಅದ!"

"ಬಟ್ಟಿ ಇದ್ರ ಜಾರತೈತ್ರಿ. ಚರ್ಮ ಹಿಡದ್ರನ ಮೈ ನಿಂದ್ರತೈತಿ. ಬಾಗಲಾ ಹಾಕ್ಕೊಂಡ ಮಾಡತೇನಿ. ಯಾರೂ ನೋಡೂದಿಲ್ಲ."

"ಬಾಗಲಾ ಹಾಕಿದ್ರ ಬೀಳೂದಿಲ್ಲೇನು?"

ಬಾಬಾಸಾಹೇಬರ ಕೈ ತಾಗಿ ಬಟ್ಟಲು ಮಗುಚಿತು. ಮಜ್ಜಿಗೆ ನೆಲಕ್ಕೆ ಚೆಲ್ಲಿತು. ಯಾರೂ ಒರೆಸಲಿಲ್ಲ.

"ನಾ ಇರೂತನಕ ಈ ಮನ್ಯಾಗ ಕಂಬ ನಿಂದ್ರೂದಿಲ್ಲ" ಎಂದಳು ಇಂದುಬಾಯಿ. "ಐತವಾರ ಕಿತ್ತ ಒಗಿ."

"ಹೂಂ ಅವ್ವಾ" ಅಂದ ಸನ್ಮತಿ. ಐತವಾರ ಬಂತು, ಹೋಯಿತು. ಅಂಗಡಿಗೆ ಮೋಟರು ಬಂದಿವೆ ಎಂದು ಹೇಳಿ ಅವನು ಬೆಳಗ್ಗೆಯೇ ಗೋಕಾಕಕ್ಕೆ ಹೋಗಿಬಿಟ್ಟಿದ್ದ.

*

ಮರುದಿನ ಬಟ್ಟೆ ಹಿಂಡುತ್ತ ಕರೆವ್ವ ಶುಭಾಂಗಿಗೆ ಹೇಳಿದಳು. ಮೇಲವಂಕಿಯಿಂದ ಲಗ್ನವಾಗಿ ಬಂದಾಗಿನಿಂದ ಕರೆವ್ವ ಈ ಮನೆಯ ಕೆಲಸಕ್ಕಿದ್ದಳು.

"ಪಡಸಾಲ್ಯಾಗ ಫೋಟೋ ಐತೆಲ್ಲ, ತೇಜಪಾಲಂದು. ಆಂವ ಹೆಂಗ ಹ್ವಾದ ಅಂತ ಹೇಳ್ಯಾರ ನಿಮಗ?"

"ಬಿದ್ದು ಅಂತ ಹೇಳ್ಯಾರ. ಗಿಡದ ಮ್ಯಾಲಿಂದ ಏನೋ."

"ಗಿಡಾ ಅಲ್ಲವ್ವಾ. ಮಲ್ಲಕಂಬ. ನಿಮ್ಮ ಮಾವಾರು ಈ ಊರ ತಾಲೀಮಿನ ವಸ್ತಾದ ಇದ್ರು, ಗರಡಿ ಹುಡುಗೂರಿಗೆ ಕಲಸಾವ್ರು. ಹಿತ್ತಲದಾಗ ಸಾಗವಾನಿ ಕಂಬ ಹುಗಿಸಿ ಹಿರೇ ಮಗನಿಗೆ ಕಲಿಸಾಕತ್ತಿದ್ರು. ಹನ್ನೆರಡರ ಹುಡುಗ. ಅಕ್ಕಾರು ಒಳಗ ರೊಟ್ಟಿ ಬಡ್ಯಾಕತ್ತಿದ್ರು, ಧಪ್ ಅಂತು. ಕುತ್ತಿಗಿ ಮುರದಿತ್ತು." ಕರೆವ್ವ ಗದ್ದದಿಂದ ಅಡಿಗೆಮನೆಯ ಮೂಲೆ ತೋರಿಸಿದಳು. "ಆ ಒನಕಿ ಐತೆಲ್ಲ, ಆ ಕಂಬದ ತುದೀದು. ಉಳದದ್ದನ್ನ ಒಲಿಗಿ ಹಾಕಿದ್ರು. ಇಪ್ಪತ್ತೊಂಬತ್ತು ವರ್ಷಾತು. ಮಾವಾರು ತಾಲೀಮಿನ ಓಣಿ ತುಳದಿಲ್ಲ."

ಶುಭಾಂಗಿ ಎರಡು ದಿನ ಮೇಲೆ ಹೋಗಲಿಲ್ಲ. ಮೂರನೆಯ ದಿನ ಅತ್ತೆ ಅಕ್ಕಿ ಹಸನು ಮಾಡುವಾಗ ಎದುರಿಗೆ ಬಂದು ಕೂತಳು.

"ಅತ್ತಿ, ನನಗ ಗೊತ್ತಿರಲಿಲ್ಲ. ಕರೆವ್ವ ಹೇಳಿದ್ಲು."

ಇಂದುಬಾಯಿ ಅಕ್ಕಿಯಿಂದ ಕಣ್ಣೆತ್ತಲಿಲ್ಲ.

"ಎರಡು ಗಾದಿ ಹಾಸ್ಕೋತೇನಿ. ಭಾಳ ಮ್ಯಾಲ ಹೋಗೂದಿಲ್ಲ."

"ಬಿಡಾಕ ಏನಾಗೇತಿ ನಿನಗ?"

ಶುಭಾಂಗಿ ಮೊರದಲ್ಲಿದ್ದ ಒಂದು ಕಲ್ಲು ತೆಗೆದು ಹೊರಗೆ ಹಾಕಿದಳು. "ಹುಕ್ಕೇರಿಯಿಂದ ಈ ಮನಿಗೆ ಬಂದು ಏಳು ವರ್ಷಾತ್ರಿ. ನಂದು ಅಂತ ಕೈಯಾಗ ಬಂದದ್ದು ಇದೊಂದ. ಉಳಿದಿದ್ದು ಬರಲಿಲ್ಲ."

ಮಕ್ಕಳಾಗದ್ದು ಮನೆಯಲ್ಲಿ ಯಾರೂ ಎತ್ತದ ಮಾತು. ಇಂದುಬಾಯಿಯ ಬೆರಳು ಅಕ್ಕಿಯಲ್ಲಿ ನಿಂತವು. ಎದ್ದು, ಸೆರಗು ಹೊದ್ದು, ಬಸದಿಗೆ ಹೋದಳು. ಬಂದವಳು ಊಟದ ಹೊತ್ತಿಗೆ ತನಗೆಂದೇ ಒಂದು ಸಣ್ಣ ಪಾತ್ರೆಯಲ್ಲಿ ಬೇಳೆ ಬೇರೆ ಬೇಯಿಸಿಕೊಂಡಳು.

"ಅದ್ಯಾಕ ಬ್ಯಾರೆ?" ಎಂದ ಸನ್ಮತಿ.

"ಮಹಾರಾಜರ ಮುಂದ ನೇಮ ತಗೊಂಡೇನಿ. ಆ ಪೈಪ ಕೆಳಗಿಳಿಯೂತನಕ ಉಪ್ಪು ಬಿಟ್ಟೇನಿ."

"ಅವ್ವಾ! ನಿನಗ ಮೊದಲ ಚಕ್ಕರ ಬರ್ತಾವು."

"ಬರಲಿ. ನಾ ಬಿದ್ರ ನೆಲದ ಮ್ಯಾಲ ಬೀಳ್ತೇನಿ. ಹತ್ತಡಿ ಮ್ಯಾಲಿಂದ ಅಲ್ಲ."

*

ಮೂರು ವಾರ ಹಾಗೆಯೇ ನಡೆಯಿತು. ಇಂದುಬಾಯಿ ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ರೊಟ್ಟಿ ಉಣ್ಣುತ್ತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪಾಯಿತು. ಒಂದು ದಿನ ನೀರು ಸೋಸುವಾಗ ಗೋಡೆ ಹಿಡಿದು ನಿಂತುಕೊಂಡಳು. ಡಾಕ್ಟರು ಉಪ್ಪು ತಿನ್ನಲೇಬೇಕೆಂದರು. "ಅವರು ಗುಳಿಗಿ ಕೊಡಲಿ, ನನ್ನ ನೇಮ ನನಗಿರಲಿ" ಎಂದಳು. ಶುಭಾಂಗಿ ಅತ್ತೆಯ ಕೈಯಿಂದ ಕೊಡ ಕಸಿದುಕೊಂಡು ತಾನು ನೀರು ತಂದಳು, ಕಸ ಹೊಡೆದಳು, ರೊಟ್ಟಿ ಬಡಿದಳು. ಮೂರು ಗಂಟೆಗೆ ಅತ್ತೆ ಬಸದಿಗೆ ಹೊರಟ ಮೇಲೆ ಮೆಟ್ಟಿಲು ಹತ್ತಿದಳು.

ಸನ್ಮತಿ ಅಂಗಡಿಯಿಂದ ಮನೆಗೆ ಬರುವಾಗ ಬಾಗಿಲಲ್ಲೇ ನಿಂತು ಮೊದಲು ಒಳಗಿನ ಸದ್ದು ಕೇಳುತ್ತಿದ್ದ. "ಒಬ್ಬಾಕಿ ಇಳಿಯವಲ್ಲಳು, ಒಬ್ಬಾಕಿ ಉಣ್ಣವಲ್ಲಳು" ಎಂದು ತಂದೆಯ ಹತ್ತಿರ ಹೇಳಿಕೊಂಡ. "ಯಾರ ಸುದ್ದಿ ಮೊದಲ ಬರತೈತೋ ಅಂತ ಫೋನ್ ಹೊಡಕೊಂಡ್ರ ಎದಿ ಹಾರತೈತಿ ಅಪ್ಪಾ."

ಬಾಬಾಸಾಹೇಬರು ಮಂಡಿಗೆ ಔಡಲೆಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಮಂಡಿನೋವಿನಿಂದ ಅವರು ಬಸದಿಗೆ ಬೆಳಗ್ಗೆ ಒಂದೇ ಸಲ ಹೋಗುವುದು. ಮಧ್ಯಾಹ್ನ ಮನೆಯಲ್ಲಿ ಅವರೂ ಸೊಸೆಯೂ ಇಬ್ಬರೇ. ಭಾದ್ರಪದದಲ್ಲಿ ಹತ್ತು ದಿನದ ಪರ್ವ ಶುರುವಾದ ದಿನ ಅವರು ಕೋಲು ಊರಿಕೊಂಡು ಮೆಟ್ಟಿಲು ಹತ್ತಿ, ಮುಚ್ಚಿದ ಬಾಗಿಲ ಹೊರಗೆ, ಗೋಡೆಗೆ ಮುಖ ಮಾಡಿ ಕೂತರು. ಒಳಗೆ ಸೊಸೆ ಚಡ್ಡಿಯಲ್ಲಿದ್ದಳು. ಮಾವನಾದವನು ನೋಡಬಾರದು. ಕೇಳಬಹುದು.

ಅಂಗೈ ಪೈಪಿಗೆ ಬಡಿದ ಸದ್ದು. ಉಸಿರು. ಧಪ್ ಎಂದು ಗಾದಿಗೆ ಇಳಿದ ಸದ್ದು. ನಾಲ್ಕನೆಯ ಸಲಕ್ಕೆ ಅವರಿಗೆ ತಡೆಯಲಾಗಲಿಲ್ಲ. ಕೆಮ್ಮಿದರು.

ಒಳಗೆ ಎಲ್ಲ ನಿಂತಿತು. "ಯಾರು?"

"ಕಣ್ಣ ಮ್ಯಾಲ ಇರ್ಲಿ" ಎಂದರು ಗೋಡೆಗೆ. "ಕೆಳಗ ನೋಡಿದ್ರ ಕೈ ಸಡಲತೈತಿ."

ಆಮೇಲೆ ಅಂಗೈ ಪೈಪಿಗೆ ತಾಗಿದ ಸದ್ದು. ಈ ಸಲ ಧಪ್ ಆಗಲಿಲ್ಲ.

"ಹೂಂ. ಹಂಗ" ಅಂದರು ಬಾಬಾಸಾಹೇಬರು.

ಅದರ ಬಗ್ಗೆ ಊಟದ ಹೊತ್ತಿಗೆ ಇಬ್ಬರೂ ತುಟಿ ತೆರೆಯಲಿಲ್ಲ. ಮರುದಿನ ಮತ್ತೆ ಅವರು ಗೋಡೆಗೆ ಕೂತರು. "ಉಸರ ಬಿಗೀ ಹಿಡೀಬ್ಯಾಡ." "ಎಡಗೈ ಮೊದಲ." ಅಷ್ಟೇ ಮಾತು. ಬಾಗಿಲು ತೆರೆಯುವ ಮೊದಲೇ ಕೆಳಗಿಳಿದು ಹೋಗಿಬಿಡುತ್ತಿದ್ದರು.

ಪರ್ವದ ಎಂಟನೆಯ ದಿನ ಶುಭಾಂಗಿ ಮೊದಲಿಗಿಂತ ಮೇಲೆ ಹೋದಳು. ಮೇಲಿನಿಂದ ಜಾರುತ್ತ ಇಳಿಯುವಾಗ ಚರ್ಮ ಸ್ಟೀಲಿಗೆ ಉಜ್ಜಿ ಕಿರ್ರ್ ಎಂದಿತು. ಬಾಬಾಸಾಹೇಬರ ಬೆನ್ನು ನೆಟ್ಟಗಾಯಿತು. ಆ ಸದ್ದನ್ನು ಅವರು ಹಿಂದೆ ಒಮ್ಮೆ ಕೇಳಿದ್ದರು, ಹಿತ್ತಲ ಬಾಗಿಲು ದಾಟುವಾಗ. ಕೇಳಿದ ಮೇಲೆ ಓಡಿದ್ದರು. ಹೊತ್ತಿಗೆ ಮುಟ್ಟಿರಲಿಲ್ಲ.

"ಸಾಕು ಇವತ್ತಿಗೆ" ಎಂದರು.

ಮಲ್ಲಕಂಬ ಒಣಗಿರಬಾರದು. ಲಂಗೋಟಿ ಕಟ್ಟಿದ ಮೈ, ಕಂಬಕ್ಕೆ ತಿಕ್ಕಿದ ಔಡಲೆಣ್ಣೆ, ಇದು ತಾಲೀಮಿನ ಪದ್ಧತಿ. ಎಣ್ಣೆ ಇಲ್ಲದಿದ್ದರೆ ತೊಡೆ ಕಂಬಕ್ಕೆ ಕಚ್ಚುತ್ತದೆ, ಮೈ ತಿರುಗುವಲ್ಲಿ ತಿರುಗುವುದಿಲ್ಲ. ಮತ್ತೆ, ಕಲಿಯುವವನು ತನ್ನ ಕಂಬಕ್ಕೆ ತಾನು ಎಣ್ಣೆ ಹಚ್ಚುವುದಿಲ್ಲ. ಅದು ವಸ್ತಾದನ ಕೆಲಸ. ಹೇಳಿ ಮಾಡುವ ಕೆಲಸವೂ ಅಲ್ಲ.

ಅನಂತ ಚತುರ್ದಶಿಯ ಬೆಳಗ್ಗೆ ಎಲ್ಲರೂ ಬಸದಿಯಲ್ಲಿದ್ದಾಗ ಬಾಬಾಸಾಹೇಬರು ಎಣ್ಣೆಯ ಬಾಟಲಿ ಹಿಡಿದು ಮೇಲೆ ಹೋದರು. ಪೈಪು ಹಿಡಿದುಕೊಂಡು ಸ್ಟೂಲು ಹತ್ತಿದರು. ಆ ದಿನ ಕಿರ್ರ್ ಎಂದ ಸದ್ದು ಬಂದದ್ದು ಮೇಲಿನಿಂದ. ಹಾಗಾಗಿ ಕೈ ಎಟುಕುವವರೆಗೆ ಮೇಲಿನ ಅರ್ಧಕ್ಕೆ ಮಾತ್ರ, ಅಂಗೈಯಿಂದ, ಹದವಾಗಿ ತಿಕ್ಕಿದರು. ಹತ್ತಲು ಹಿಡಿತ ಬೇಕೆಂದು ಕೆಳಗಿನ ಅರ್ಧ ಒಣಗಿದ್ದಂತೆ ಬಿಟ್ಟರು. ಕೊನೆಗೆ ಪೈಪಿಗೆ ಹಣೆ ಮುಟ್ಟಿಸಿ ಣಮೋಕಾರ ಮಂತ್ರ ಹೇಳಿದರು.

*

ಅವತ್ತು ಇಂದುಬಾಯಿಗೆ ಉಪವಾಸ. ಬಿಸಿಲಿಗೆ ಚಕ್ಕರ ಬಂದು ಮೂರೂವರೆಗೇ ಕರೆವ್ವನ ಭುಜ ಹಿಡಿದುಕೊಂಡು ಮನೆಗೆ ಬಂದಳು. ಪಡಸಾಲೆಯಲ್ಲಿ ಚಾಪೆ ಹಾಸುವಷ್ಟರಲ್ಲಿ ಮೇಲೆ ಸದ್ದಾಯಿತು.

ಈ ಸಲ ಅದು ಗಾದಿಯ ಮೇಲೆ ಬಿದ್ದ ಸದ್ದಲ್ಲ. ಅದರ ಹಿಂದೆಯೇ ಒಂದು ಕೂಗು. ಆಮೇಲೆ ಏನೂ ಇಲ್ಲ.

ಕರೆವ್ವ ಓಡಿದಳು. ಇಂದುಬಾಯಿ ಮೆಟ್ಟಿಲ ಬುಡದವರೆಗೆ ಬಂದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಎರಡನೆಯ ಕಾಲು ಏಳಲಿಲ್ಲ.

"ಕರೆವ್ವಾ" ಎಂದಳು ಕೆಳಗಿನಿಂದಲೇ. "ಉಸರೈತೇನು?"

ಮೇಲಿನಿಂದ ಮಾತಿಲ್ಲ.

"ಉಸರೈತೇನಂತ ಕೇಳಾಕತ್ತೇನಿ!"

"ಐತ್ರಿ ಅಕ್ಕಾರ, ಐತಿ! ಕೈ ಹ್ವಾತ್ರಿ. ಸನ್ಮತಿಯಣ್ಣಾರಿಗಿ ಫೋನ್ ಹಚ್ಚರಿ!"

ಬಾಬಾಸಾಹೇಬರು ಮೇಲಿನ ಮೆಟ್ಟಿಲ ಮೇಲೆ, ಗೋಡೆಗೆ ಮುಖ ಮಾಡಿ ಕೂತೇ ಇದ್ದರು. ಎರಡೂ ಕಿವಿ ಮುಚ್ಚಿಕೊಂಡಿದ್ದರು.

ಗೋಕಾಕದ ಆಸ್ಪತ್ರೆಯಲ್ಲಿ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು, ಕೊರಳು ಭುಜಗಳ ನಡುವಿನ ಎಲುಬು ಸೀಳಿದ್ದಕ್ಕೆ ಪಟ್ಟಿ. ತಲೆ ಗಾದಿಯ ಅಂಚಿಗೆ ಬಿದ್ದಿತ್ತು. ಒಂದು ಗೇಣು ಆಚೆ ಬಿದ್ದಿದ್ದರೆ ನೆಲ. ಅದನ್ನು ಡಾಕ್ಟರು ಎರಡು ಸಲ ಹೇಳಿದರು.

*

ಶುಭಾಂಗಿ ಮನೆಗೆ ಬಂದ ದಿನವೇ ಗಂಡನ ಹತ್ತಿರ ಮೆಲ್ಲಗೆ ಹೇಳಿದಳು. "ಅದು ಎಣ್ಣೀರಿ. ಮ್ಯಾಲ ಯಾರೋ ಎಣ್ಣಿ ಹಚ್ಯಾರ."

"ಹುಚ್ಚಿ. ಬೆವರಿರಬೇಕು."

"ಬೆವರಿಗೂ ಎಣ್ಣಿಗೂ ಫರಕ ನನಗ ತಿಳಿಯೂದಿಲ್ಲೇನು? ನನ್ನ ಕೈ ಎಟಕೂದಕ್ಕಿಂತ ಮ್ಯಾಲ ಅಷ್ಟ ಹಚ್ಯಾರ, ಕೆಳಗ ಒರಸೂವಾಗ ಗೊತ್ತಾಗಬಾರ್ದಂತ. ಈ ಮನ್ಯಾಗ ಆ ಕಂಬ ಬ್ಯಾಡಾದವರು ಒಬ್ಬರ ಅದಾರ."

"ಅವ್ವ? ಏನ್ ಮಾತಾಡ್ತಿ!"

"ನಾ ಹುಕ್ಕೇರಿಗಿ ಹೋಕ್ಕೇನಿ. ಅಣ್ಣಗ ಫೋನ್ ಮಾಡ್ರಿ."

ಪಕ್ಕದ ಕೋಣೆಯಲ್ಲಿ ಬಾಬಾಸಾಹೇಬರಿಗೆ ಎಲ್ಲ ಕೇಳಿಸಿತು. ಎದ್ದರು. ಮಗ ಸೊಸೆಯ ಕೋಣೆಯ ಬಾಗಿಲವರೆಗೆ ಹೋದರು. ಕೋಲು ನೆಲಕ್ಕೆ ಕುಟ್ಟಿದ ಸದ್ದಿಗೆ ಸನ್ಮತಿ "ಏನಪ್ಪಾ?" ಎಂದ. "ನೀರು" ಎಂದರು. ಮರುದಿನ ಮತ್ತೆ ಹೋದರು. "ಏನ್ರಿ ಮಾವಾರ?" ಎಂದಳು ಶುಭಾಂಗಿ. "ಗಾಳಿ ಬರತೈತೇನು ಕಿಡಕ್ಯಾಗ" ಎಂದು ತಿರುಗಿ ಬಂದರು.

ಬಲಗೈ ಕಟ್ಟಿದ್ದರಿಂದ ಶುಭಾಂಗಿಗೆ ಯಾರಾದರೂ ಉಣಿಸಬೇಕಿತ್ತು. ಸನ್ಮತಿ ಅಂಗಡಿಗೆ ಹೋದರೆ ಅತ್ತೆಯೇ. ಇಂದುಬಾಯಿ ಅನ್ನಕ್ಕೆ ಸಾರು ಕಲಸಿ ತುತ್ತು ಹಿಡಿದಳು.

"ಬಾಯಿ ತಗಿ."

"ಹಸಿವಿಲ್ರಿ."

"ನಿನ್ನೀನೂ ಹಸಿವಿಲ್ಲ, ಇವತ್ತೂ ಇಲ್ಲ. ಬಾಳಿಹಣ್ಣ ಅಷ್ಟ ತಿಂದ್ರ ಎಲುಬು ಕೂಡತೈತೇನು?"

"ಅವರು ಬಂದ ಮ್ಯಾಲ ಉಣತೇನಿ."

ಇಂದುಬಾಯಿಯ ಕೈ ಕೆಳಗಿಳಿಯಿತು. "ಯಾಕ? ನಾ ಇಸಾ ಹಾಕೀನೇನು?"

"ಇಸಾ ಅಲ್ರಿ." ಶುಭಾಂಗಿಯ ಕಣ್ಣು ತುಂಬಿತು, ಆದರೆ ಮುಖ ತಿರುಗಿಸಲಿಲ್ಲ. "ಎಣ್ಣಿ."

"ಯಾವ ಎಣ್ಣಿ?"

"ನನ್ನ ಅರಬಿ ಇನ್ನೂ ಒಗದಿಲ್ಲ. ಬಚ್ಚಲದಾಗ ಅದಾವು. ಮೂಸಿ ನೋಡ್ರಿ."

ಇಂದುಬಾಯಿ ಬಚ್ಚಲಿಗೆ ಹೋದಳು. ಬನಿಯನ್ನು ಎತ್ತಿ ಮೂಗಿಗೆ ಹಿಡಿದಳು. ಹಿಂದೆ ದಿನಾ ಸಂಜೆ ತೇಜಪಾಲನ ಲಂಗೋಟಿಯಿಂದ ತಿಕ್ಕಿ ತಿಕ್ಕಿ ತೆಗೆಯುತ್ತಿದ್ದ ವಾಸನೆ ಅದು. ಔಡಲೆಣ್ಣೆ. ಆಮೇಲೆ ಗಂಡನ ಕೋಣೆಗೆ ಹೋಗಿ ಗೋಡೆಯ ಮಾಡದೊಳಗಿನ ಬಾಟಲಿ ತೆಗೆದು ಬೆಳಕಿಗೆ ಹಿಡಿದಳು. ಅಮಾವಾಸ್ಯೆಗೆ ತಂದದ್ದು. ಅರ್ಧ ಖಾಲಿಯಾಗಿತ್ತು.

"ಮಂಡಿಗಿ ಇಷ್ಟ ಬೇಕೇನ್ರಿ?"

ಬಾಬಾಸಾಹೇಬರು ಹಾಸಿಗೆಯ ಮೇಲೆ ಕೂತು ತಮ್ಮ ಅಂಗೈ ನೋಡಿಕೊಂಡರು.

"ಆಕಿ ಸಾಯಲಿ ಅಂತ ಹಚ್ಚಿದ್ರೇನು?"

"ಇಂದೂ!"

"ಮತ್ತ್ಯಾಕ?"

"ಕಿರ್ರ್ ಅಂತು" ಎಂದರು. "ಕಂಬ ಒಣಗಿತ್ತು. ಕಿರ್ರ್ ಅಂದದ್ದು ನನಗ ಕೇಳಸ್ತು."

ಇಂದುಬಾಯಿಗೆ ತಿಳಿಯಲಿಲ್ಲ. ಬಾಟಲಿ ಹಿಡಿದುಕೊಂಡೇ ಎದುರು ಕೂತಳು.

"ತೇಜಪಾಲ ಬಿದ್ದ ದಿನ ನಾ ಕಂಬಕ್ಕ ಎಣ್ಣಿ ಹಚ್ಚಿರಲಿಲ್ಲ" ಎಂದರು ಬಾಬಾಸಾಹೇಬರು. "ಕಬ್ಬಿನ ಗಾಡಿ ಬಂದಿದ್ವು, ತಡಾ ಆತು. ನಾ ಬರೂತನಕ ಹತ್ತಬ್ಯಾಡ ಅಂತ ಹೇಳೂದು ಮರತೆ. ಹುಡುಗ ಒಣ ಕಂಬಾನ ಹತ್ತ್ಯಾನ. ತೊಡಿ ಕಚ್ಚಿ ಹಿಡದು, ಮೈ ತಿರಗಲಿಲ್ಲ. ನಾ ಹಿತ್ತಲ ಬಾಗಲಾ ದಾಟೂದರಾಗ ಕಿರ್ರ್ ಅಂತು. ಆಮ್ಯಾಲ ಧಪ್. ನೀ ಧಪ್ ಅಷ್ಟ ಕೇಳಿದಿ."

"ಇಷ್ಟ ವರ್ಷ ಹೇಳಲಿಲ್ಲ."

"ಹೆಂಗ ಹೇಳಲಿ? ನೀ ಕಂಬಕ್ಕ ಬೈಯಾಕತ್ತಿದ್ದಿ. ಬೈಸ್ಕೋತ ಅದ ಇರ್ಲಿ ಅಂತ ಬಿಟ್ಟೆ."

ಇಂದುಬಾಯಿ ಬಾಟಲಿಯನ್ನು ತಿರುಗಿ ಮಾಡದೊಳಗಿಟ್ಟಳು.

"ನಾಳಿ ಆಕಿ ಅಣ್ಣ ಕರಕೊಂಡ ಹೋಗಾಕ ಬರ್ತಾನ" ಎಂದಳು ಇಂದುಬಾಯಿ. "ಹೋದ್ರ ಮತ್ತ ಬರೂದಿಲ್ಲ. ನಾ ಕೊಲ್ಲಾಕ ನೋಡಿದೆ ಅಂತ ಹುಕ್ಕೇರಿ ತುಂಬ ಆಗತೈತಿ. ಹೇಳ್ರಿ ಆಕಿಗೆ."

"ಆಗೂದಿಲ್ಲ ನನಗ."

"ಹಂಗಾರ ಈ ತಪ್ಪ ನಾ ಹೊತ್ಕೊಂಡಿರ್ಲೇನು? ಕಂಬ ಹೊತ್ಕೊಂಡಂಗ?"

*

ಆ ಸಂಜೆ ನಾಲ್ವರೂ ಊಟಕ್ಕೆ ಕೂತರು. ಶುಭಾಂಗಿಯ ಚೀಲ ಕಟ್ಟಿ ಪಡಸಾಲೆಯಲ್ಲಿಟ್ಟಿತ್ತು. ಸನ್ಮತಿ ಹೆಂಡತಿಗೆ ಉಣಿಸಲು ರೊಟ್ಟಿ ಮುರಿಯುತ್ತಿದ್ದ. ಕಿಟಕಿಯ ಬೆಳಕು ಗೋಡೆಯ ಮೇಲಕ್ಕೆ ಏರುತ್ತಿತ್ತು. ಅದು ಹೋಗುವುದರೊಳಗೆ ಉಂಡು ಏಳಬೇಕು.

"ಶುಭಾಂಗಿ" ಎಂದರು ಬಾಬಾಸಾಹೇಬರು.

ಎಲ್ಲರೂ ತಲೆ ಎತ್ತಿದರು. ಏಳು ವರ್ಷದಲ್ಲಿ ಅವರು ಸೊಸೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಯಾವಾಗಲೂ ಗೋಡೆಗೋ ನೆಲಕ್ಕೋ ಮಾತಾಡುವವರು, ಈಗ ಅವಳ ಮುಖ ನೋಡುತ್ತಿದ್ದರು.

"ಎಣ್ಣಿ ಹಚ್ಚಿದಾಂವ ನಾ. ನಿಮ್ಮತ್ತಿ ಅಲ್ಲ."

ಸನ್ಮತಿಯ ಕೈಯ ತುತ್ತು ತಾಟಿಗೆ ಬಿತ್ತು.

"ನಿನಗ ಬ್ಯಾನಿ ಆಗಬಾರ್ದಂತ ಹಚ್ಚಿದೆ. ಕಿರ್ರ್ ಅನ್ನೂದು ಕೇಳಿ ಅಂಜಿದೆ. ನಮ್ಮ ಕಂಬಕ್ಕ ಎಣ್ಣಿ ಬೇಕು." ಎರಡೂ ಕೈ ಜೋಡಿಸಲು ಹೋದರು. ಎಂಜಲು ಕೈ ಎಂದು ನೆನಪಾಗಿ ಹಾಗೇ ಗಾಳಿಯಲ್ಲಿ ಹಿಡಿದರು.

ಶುಭಾಂಗಿ ಅವರ ಆ ಕೈ ನೋಡಿದಳು.

"ಮಾವಾರ" ಎಂದಳು. "ಸ್ಟೀಲಿಗೆ ಎಣ್ಣಿ ಹಚ್ಚಬಾರ್ದ್ರಿ. ಅದು ಒಣಗಿರಬೇಕು. ಕಿರ್ರ್ ಅಂದ್ರ ಹಿಡದೈತಿ ಅಂತ ಅರ್ಥ."

"ನನಗ ಗೊತ್ತಿರಲಿಲ್ಲವ್ವಾ."

"ನಾನೂ ಹೇಳಲಿಲ್ಲ."

ಗೋಡೆಯ ಮೇಲಿನ ಬೆಳಕು ಒಂದು ಪಟ್ಟಿಯಷ್ಟು ಉಳಿದಿತ್ತು. ಶುಭಾಂಗಿ ಗಂಡನ ಕಡೆಯಿಂದ ಅತ್ತೆಯ ಕಡೆಗೆ ಸರಿದು ಕೂತಳು.

"ಅತ್ತಿ, ಹೊತ್ತು ಮುಣಗತೈತಿ. ತುತ್ತ ಹಾಕ್ರಿ."

ಬಾಯಿ ತೆರೆದಳು. ಇಂದುಬಾಯಿ ತನ್ನ ತಾಟಿನದನ್ನೇ ಕಲಸಿ ಹಾಕಿದಳು. ಶುಭಾಂಗಿ ನುಂಗಿ, ಮುಖ ಕಿವುಚಿದಳು. "ಅಯ್ಯ, ಸಪ್ಪಗೈತಿ!"

"ತಿಂಗಳ ಮ್ಯಾಲಾತು, ನಾ ಇದ ತಿನ್ನಾಕತ್ತೇನಿ" ಎಂದಳು ಇಂದುಬಾಯಿ.

ಮರುದಿನ ಹುಕ್ಕೇರಿಯ ಅಣ್ಣ ಬಂದು, ಚಹಾ ಕುಡಿದು, ತಂಗಿಯ ಕೈ ನೋಡಿ ಒಬ್ಬನೇ ಹೋದ. ಅವನು ಹೋದ ಮೇಲೆ ಸನ್ಮತಿ ಹ್ಯಾಕ್ಸಾ ಗರಗಸ ತಂದ.

"ಇವತ್ತ ಕೊಯ್ದ ಒಗೀತೇನಿ ಅವ್ವಾ. ನಿನ್ನ ಉಪ್ಪು ನಿನಗ ಬರಲಿ."

"ಕೊಯ್ಯಬ್ಯಾಡ" ಎಂದಳು ಇಂದುಬಾಯಿ. "ಬಿಚ್ಚಿ ಕೆಳಗ ತಾ."

ತಂದೆ ಮಗ ಬೋಲ್ಟು ಬಿಚ್ಚಿ ಪೈಪನ್ನು ಹಿತ್ತಲಿಗೆ ಇಳಿಸಿದರು. ಒಂದು ತುದಿ ಮಣ್ಣಿಗೆ ತಾಗದಿರಲೆಂದು ಇಂದುಬಾಯಿ ಅಡಿಗೆಮನೆಯ ಒನಕೆಯನ್ನು ತಂದು ಅದರ ಕೆಳಗಿಟ್ಟಳು. ಬಿಸಿನೀರು, ಬೂದಿ, ಸೀಗೆಪುಡಿ ತೆಗೆದುಕೊಂಡು ಕೂತಳು. ಕರೆವ್ವ ಕೈ ಹಚ್ಚಲು ಬಂದರೆ ಬೇಡವೆಂದಳು. ಬುಡದಿಂದ ತುದಿಯವರೆಗೆ ಮೂರು ಸಲ ತಿಕ್ಕಿ, ಮೂರು ಸಲ ತೊಳೆದು, ಪ್ರತಿ ಸಲವೂ ಮೂಸಿ ನೋಡಿದಳು. ಒಣಬಟ್ಟೆಯಿಂದ ಒರೆಸಿ ಹೆಬ್ಬೆರಳು ಎಳೆದಳು. ಕಿರ್ರ್ ಎಂದಿತು. ಮೆಟ್ಟಿಲ ಮೇಲೆ ಕೂತಿದ್ದ ಬಾಬಾಸಾಹೇಬರು ಕಣ್ಣು ಮುಚ್ಚಿದರು.

ಇಂದುಬಾಯಿ ಎದ್ದು ಒಳಗೆ ಹೋಗಿ ಉಪ್ಪಿನ ಭರಣಿಯಿಂದ ಒಂದು ಹರಳು ತೆಗೆದು ನಾಲಗೆಯ ಮೇಲಿಟ್ಟುಕೊಂಡಳು. ಹೊರಗೆ ಬಂದು ಮಗನಿಗೆ ಹೇಳಿದಳು:

"ಇಳೀತಲ್ಲ. ನೇಮ ಮುಗೀತು. ಈಗ ತಿರುಗಿ ನಿಂದರಸು."

"ಅವ್ವಾ?"

"ಇವರು ಅಂಜಿ ಎಣ್ಣಿ ಹಚ್ಚಿದ್ರು, ನಾ ಅಂಜಿ ಉಪ್ಪು ಬಿಟ್ಟೆ. ನಮ್ಮಿಬ್ಬರ ನಡಕ ಆಕಿ ಬಿದ್ಲು." ಸೊಸೆಯ ಕಡೆ ತಿರುಗಿದಳು. "ಡಾಕ್ಟರು ಹೂಂ ಅನ್ನೂತನಕ ಮುಟ್ಟಂಗಿಲ್ಲ. ಬಾಗಲಾ ಹಾಕ್ಕೋಳಂಗಿಲ್ಲ. ನಾಕ ಗಾದಿ. ಎರಡಲ್ಲ."

*

ಡಾಕ್ಟರು ಹೂಂ ಅಂದದ್ದು ಸಂಕ್ರಾಂತಿ ಕಳೆದ ಮೇಲೆ. ಮಹಾರಾಜರು ಬೇರೆ ಊರಿಗೆ ವಿಹಾರ ಹೋಗಿ ತಿಂಗಳುಗಳೇ ಆಗಿದ್ದವು. ಆದರೂ ಇಂದುಬಾಯಿಗೆ ಮೂರು ಗಂಟೆಯೆಂದರೆ ಮೂರು ಗಂಟೆ. ಆ ಹೊತ್ತಿಗೆ ಒಣಬಟ್ಟೆ, ಅಕ್ಕಿಯ ಮೊರ ಹಿಡಿದು ಮೇಲೆ ಹೋದಳು. ಸನ್ಮತಿ ತಂದಿಟ್ಟ ಏಣಿ ಹತ್ತಿ ಪೈಪಿನ ಮೇಲಿನ ಅರ್ಧವನ್ನು ತಾನೇ ಒರೆಸಿದಳು. ಇಳಿದು ಗೋಡೆಗೆ ಒರಗಿ ಮೊರ ತೊಡೆಯ ಮೇಲಿಟ್ಟುಕೊಂಡಳು. ತೆರೆದ ಬಾಗಿಲ ಆಚೆ, ಗೋಡೆಗೆ ಮುಖ ಮಾಡಿ, ಬಾಬಾಸಾಹೇಬರು ಕೂತಿದ್ದರು.

ಶುಭಾಂಗಿಯ ಬಲ ಮಣಿಕಟ್ಟು ಎಡದಕ್ಕಿಂತ ತೆಳ್ಳಗಾಗಿತ್ತು. ಎರಡು ಸಲ ಹಿಡಿದು ಬಿಟ್ಟಳು. "ನಡಗತೈತ್ರಿ ಅತ್ತಿ."

"ನಂದೂ" ಎಂದಳು ಇಂದುಬಾಯಿ. ಮೊರದಲ್ಲಿ ಅಕ್ಕಿ ಚಿಲಿಚಿಲಿ ಅಲುಗುತ್ತಿತ್ತು.

"ಎಡಗೈ ಮೊದಲ" ಎಂದರು ಹೊರಗಿನಿಂದ.

ಶುಭಾಂಗಿ ಹತ್ತಿದಳು. ಇಂದುಬಾಯಿ ಕಣ್ಣು ಮುಚ್ಚಿಕೊಂಡು ಒಂದು ಅಂಗೈಯನ್ನು ಪೈಪಿನ ಬುಡಕ್ಕೆ ಇಟ್ಟಳು. ಮೇಲಿನವಳ ನಡುಕ ಪೈಪಿನಲ್ಲಿ ಇಳಿದು ಬಂದು ಅವಳ ಕೈಗೆ ತಾಗಿತು. ಬಾಯಲ್ಲಿ ಣಮೋಕಾರ ಒಂದು ಸಲ ಮುಗಿಯಿತು. ಎರಡನೆಯದು ನಡುವೆ ನಿಂತಿತು, ಏಕೆಂದರೆ ಮೇಲೆ ಸದ್ದು ನಿಂತಿತ್ತು.

ಬಾಗಿಲಾಚೆ ಕೋಲು ಕೆಳಗೆ ಬಿತ್ತು. ಬಾಬಾಸಾಹೇಬರು ಅರ್ಧ ಎದ್ದಿದ್ದರು.

"ಕುಂದರ್ರಿ" ಎಂದಳು ಇಂದುಬಾಯಿ, ಕಣ್ಣು ತೆರೆಯದೆ. "ಕೇಳ್ರಿ."

ಆಮೇಲೆ ಛತ್ತಿನ ಹತ್ತಿರದಿಂದ ಕಿರ್ರ್ ಎಂದು ಶುರುವಾಯಿತು. ಒಂದು ಗೇಣು ಬಂದು ನಿಂತಿತು, ಇನ್ನೊಂದು ಗೇಣು ಬಂದಿತು. ಹಾಗೆ ನಿಧಾನವಾಗಿ ಅವಳ ಅಂಗೈಯ ಕಡೆಗೆ ಇಳಿದು ಬರತೊಡಗಿತು.